ಮೊದಲು ಕೈ ಹಾಕುವವನು

ಸೊಲ್ಲಾಪುರದ ಟಾಕೀಜಿಗೆ ಇಂಗ್ಲಿಷ್ ಕೌಬಾಯ್ ಚಿತ್ರ ಬಂದರೆ ಅಪ್ಪ ಅಣ್ಣನನ್ನೂ ನನ್ನನ್ನೂ ತಪ್ಪದೆ ಕರೆದುಕೊಂಡು ಹೋಗುತ್ತಿದ್ದ. ಅವನ ಬಾಯಲ್ಲಿ ಅವು ‘ಘೋಡಾ ಪಿಕ್ಚರ್’. ಮಾತು ಒಂದೂ ತಿಳಿಯುತ್ತಿರಲಿಲ್ಲ, ತಿಳಿಯುವ ಅಗತ್ಯವೂ ಇರಲಿಲ್ಲ. ಬಿಳಿ ಟೊಪ್ಪಿಗೆಯವನು ಒಳ್ಳೆಯವನು, ಕರಿ ಟೊಪ್ಪಿಗೆಯವನು ಕೆಟ್ಟವನು. ಇಬ್ಬರೂ ಸೊಂಟದಲ್ಲಿ ಪಿಸ್ತೂಲು ಸಿಕ್ಕಿಸಿಕೊಂಡು ಬೀದಿಯಲ್ಲಿ ಎದುರುಬದುರು ನಿಂತಾಗ ಅಪ್ಪ ನಮ್ಮ ಕಿವಿಯಲ್ಲಿ ಹೇಳುತ್ತಿದ್ದ: “ನೋಡ್ರಿ, ಒಳ್ಳ್ಯಾಂವ ಮೊದಲ ಕೈ ಹಾಕಂಗಿಲ್ಲ.”

ಅಣ್ಣ ಈಗ ನೋಡುವುದು ಹಿಂದಿಗೆ ಡಬ್ ಆದ ಹೊಸ ಕೌಬಾಯ್ ಚಿತ್ರಗಳನ್ನು, ಫೋನಿನಲ್ಲಿ. ಅವುಗಳಲ್ಲಿ ಟೊಪ್ಪಿಗೆಯ ಬಣ್ಣವೇ ಕಾಣದಷ್ಟು ಧೂಳು. ನಾಯಕನೇ ಕಳ್ಳ. ಬೆನ್ನಿಗೆ ಗುಂಡು ಹೊಡೆದು ನೆಮ್ಮದಿಯಾಗಿ ಊಟಕ್ಕೆ ಕೂರುತ್ತಾನೆ. ಹಾಳೂರಿಗೆ ಉಳಿದವನೇ ಗೌಡ ಎಂಬಂತೆ ಕೊನೆಗೆ ಅವನೇ ಬದುಕಲಿ ಅನಿಸುತ್ತದೆ. ನನಗೂ ಅನಿಸಿದೆ, ಸುಳ್ಳೇಕೆ ಹೇಳಲಿ. ಆದರೆ ನನಗೆ ಯಾರೊಂದಿಗೂ ಹೊಲದ ಜಗಳ ಇರಲಿಲ್ಲ.

ಅಣ್ಣನಿಗೆ ಇತ್ತು. ಅಕ್ಕಲಕೋಟ ಹತ್ತಿರದ ನಮ್ಮ ಹೊಲದ ಪಕ್ಕದವನು, ದೂರದ ಸಂಬಂಧದ ಕಾಕಾ, ಬೇಸಿಗೆಯಲ್ಲಿ ಬದು ಒಡೆದು ನಮ್ಮ ಕಡೆಗೆ ಎರಡು ಸಾಲು ಒತ್ತಿ ಉತ್ತಿದ್ದ.

“ಕಾಯ್ಕೋತ ನಿಂತಾಂವ ಸಾಯ್ತಾನ. ಈಗಿನ ಹೀರೋ ಕಾಯಂಗಿಲ್ಲ,” ಎಂದ ಅಣ್ಣ ಒಂದು ದಿನ, ಫೋನಿನಿಂದ ಕಣ್ಣು ತೆಗೆಯದೆ. ಅವತ್ತೇ ನನಗೆ ಭಯ ಹತ್ತಿತು.

ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋದೆ. ಪೂಜೆ ಆದ ಮೇಲೆ ಸಜ್ಜೆ ರೊಟ್ಟಿ, ಕಾಳು-ಸೊಪ್ಪು ಬೇಯಿಸಿ ಮಾಡಿದ ಭಜ್ಜಿ, ಅನ್ನ ಎಲ್ಲ ಕಲಸಿ ಹೊಲದ ಸುತ್ತ ಚರಗ ಚೆಲ್ಲಬೇಕು. ಮುಂದಿನವರು ಬುಟ್ಟಿಯಿಂದ ಚೆಲ್ಲಿದರೆ ಹಿಂದಿನವರು ನೀರು ಹಾಕುತ್ತ ಹೋಗುತ್ತಾರೆ. ಚರಗ ಬಿದ್ದಲ್ಲಿಯವರೆಗೆ ಹೊಲ ನಮ್ಮದು. ಆ ವರ್ಷ ಬದುವೇ ಇರಲಿಲ್ಲ. ಅಣ್ಣ ಬುಟ್ಟಿ ಎತ್ತಿದಾಗ ಚರಗದ ಅಡಿಯಿಂದ ಕುಡಗೋಲಿನ ಹಿಡಿ ಇಣುಕಿತು.

ಕೂಗಿ ಅಪ್ಪನನ್ನು ಕರೆಯಬಹುದಿತ್ತು. ತಂಬಿಗೆ ಹಿಡಿದು ಅಣ್ಣನ ಹಿಂದೆ ನಡೆದೆ.

ಆ ಕಡೆಯಿಂದ ಕಾಕಾ ತನ್ನ ಬುಟ್ಟಿ ಹಿಡಿದು ಬಂದ. ಹಿಂದೆ ತಂಬಿಗೆ ಹಿಡಿದ ಅವನ ಮಗಳು. ಹತ್ತು ಹೆಜ್ಜೆ ದೂರದಲ್ಲಿ ಇಬ್ಬರೂ ನಿಂತರು. ನಾನು ಅಣ್ಣನ ಬಲಗೈಯನ್ನೇ ನೋಡುತ್ತಿದ್ದೆ. ತಲೆ ಎತ್ತಿದರೆ ಆ ಹುಡುಗಿಯೂ ಹೆದರಿ ಅದೇ ಕೈಯನ್ನು ನೋಡುತ್ತಿದ್ದಳು. ಅವಳ ಪಿಕ್ಚರಿನಲ್ಲಿ ಕರಿ ಟೊಪ್ಪಿಗೆ ನಮ್ಮದು ಎಂದು ಆಗ ಹೊಳೆಯಿತು.

ಅಣ್ಣನ ಕೈ ಬುಟ್ಟಿಯೊಳಗೆ ಹೋಯಿತು. ಬಹಳ ಹೊತ್ತು ಅಲ್ಲೇ ಇತ್ತು. ಹೊರಗೆ ಬಂದಾಗ ಅದರಲ್ಲಿದ್ದದ್ದು ಬರೀ ಚರಗ. ಕಾಲ ಬುಡದಲ್ಲಿ ಚೆಲ್ಲಿ ತಿರುಗಿ ನಡೆದ. ಕಾಕಾನೂ ಚೆಲ್ಲಿ ತಿರುಗಿದ.

ಬನ್ನಿ ಗಿಡದ ಕೆಳಗೆ ಕೂತು ದೂರದಿಂದ ನೋಡಿದ್ದ ಅಪ್ಪನಿಗೆ ಹಿಗ್ಗೋ ಹಿಗ್ಗು. “ನೋಡಿದೇನವ್ವಾ? ನನ್ನ ಮಗಾ ಮೊದಲ ಕೈ ಹಾಕಲಿಲ್ಲ!”

ಬಾವಿಯ ಹತ್ತಿರ ಕೈ ತೊಳೆಯುತ್ತ ಅಣ್ಣ ನನ್ನ ಮುಖ ನೋಡದೆ ಹೇಳಿದ: “ಹಾಕಿದ್ನಿ, ತಂಗೀ. ಎರಡ ಸಲ ಹಿಡದ್ನಿ. ಕೈಗಿ ಭಜ್ಜಿ ಹತ್ತಿತ್ತು, ಹಿಡಿ ಜಾರ್ತು.”

ಅಪ್ಪನಿಗೆ ನಾನು ಇದನ್ನು ಹೇಳಿಲ್ಲ. ಕುಡಗೋಲನ್ನು ಸೀರೆಯಲ್ಲಿ ಸುತ್ತಿ ಸೊಲ್ಲಾಪುರದ ನನ್ನ ಮನೆಗೆ ತಂದು ಅಟ್ಟದ ಮೇಲೆ ಇಟ್ಟಿದ್ದೇನೆ. ಅಂಥವು ದುಧನಿ ಬಜಾರಿನಲ್ಲಿ ಬೇಕಾದಷ್ಟು ಸಿಗುತ್ತವೆ ಎಂಬುದು ನನಗೂ ಗೊತ್ತು. ಎಳ್ಳ ಅಮಾವಾಸ್ಯೆ ಮತ್ತೆ ಬಂತು. ಈ ಸಲ ಭಜ್ಜಿ ನಾನೇ ಮಾಡುತ್ತೇನೆ, ಎಣ್ಣೆ ಹೆಚ್ಚು ಹಾಕಿ.