ಸೆಮಿಫೈನಲ್ಲಿಗೆ ಬೇಡವಾದ ಕಾಲ್ಗುಣ

ಮ್ಯಾಚನ್ನು ಮೊಬೈಲಿನಲ್ಲಿ ನೋಡಿ ಮುಗಿಸುವ ಅಭ್ಯಾಸ ನಮ್ಮ ಮನೆಗೆ ಇನ್ನೂ ಬಂದಿರಲಿಲ್ಲ ಆ ವರ್ಷ. ದೇಶದ ದೊಡ್ಡ ಫುಟ್ಬಾಲ್ ಲೀಗು ಚೆನ್ನೈಗೆ ಬಂದ ಹೊಸತು, ನನಗೆ ಹನ್ನೊಂದು. ತ್ರಿಪ್ಲಿಕೇನಿನಲ್ಲಿ ಕೆಳಗೆ ಅಪ್ಪನ ಮೆಸ್ಸು, ಮೇಲೆ ನಮ್ಮ ಮನೆ. ಬೆಳಿಗ್ಗೆ ಸಾಂಬಾರಿನ ಒಗ್ಗರಣೆಯ ವಾಸನೆಗೇ ಎಚ್ಚರ, ಸಂಜೆ ಗೋಳಿಬಜೆ ಕರಿಯುವ ವಾಸನೆಯಲ್ಲೇ ಹೋಮ್‌ವರ್ಕು.

ಸೀಸನ್ನಿನ ಮೊದಲ ಮ್ಯಾಚಿಗೆ ಅಪ್ಪ, ಅಣ್ಣ ರಾಘು, ಅಡುಗೆಯ ಶೀನ ಭಟ್ರು ಹೊರಟಾಗ ಹಟ ಹಿಡಿದು ನಾನೂ ರೈಲು ಹತ್ತಿದೆ. ಫುಟ್‌ಪಾತಿನಲ್ಲಿ ಕೊಂಡ ನೀಲಿ ಜರ್ಸಿ ಮಂಡಿಯವರೆಗೆ ಬರುತ್ತಿತ್ತು. ಉಪ್ಪು ಖಾರ ಸವರಿದ ಜೋಳ ತಿನ್ನುತ್ತ, ಗಂಟಲು ಕಟ್ಟುವವರೆಗೆ ಕೂಗಿದೆ. ಎರಡು ಗೋಲಿನಿಂದ ಸೋತೆವು.

ವಾಪಸು ಬರುವಾಗ ಸ್ಟೇಷನ್ನಿನ ಮೆಟ್ಟಿಲಲ್ಲಿ ಭಟ್ರು, "ಎಂತ ಮಾಡುದು ರಾಯರೇ, ಈ ಹುಡುಗಿಯ ಕಾಲ್ಗುಣ ಸರಿ ಇಲ್ಲ ಕಾಣ್ತದೆ," ಅಂದರು. ನಮ್ಮ ಗೋಲ್‌ಕೀಪರ್ ಎರಡು ಸಲ ಕೈಗೆ ಬಂದ ಚೆಂಡನ್ನು ಬಿಟ್ಟದ್ದು ಆ ಮಹಾನುಭಾವರ ಕಣ್ಣಿಗೆ ಬಿದ್ದಿರಲಿಲ್ಲ, ನನ್ನ ಕಾಲು ಮಾತ್ರ ಬಿತ್ತು!

ಮುಂದಿನ ಮ್ಯಾಚಿಗೆ ನನ್ನನ್ನು ಬಿಟ್ಟು ಹೋದರು. ನಮ್ಮವರು ಗೆದ್ದರು. ಮುಗಿಯಿತಲ್ಲ ಕಥೆ! ಅಲ್ಲಿಂದ ಪ್ರತಿ ಮ್ಯಾಚಿನ ಸಂಜೆಯೂ ಅಮ್ಮನ ಜೊತೆ ಉದ್ದು ನೆನೆಹಾಕುವುದೇ ನನ್ನ ಪಾಲಿಗೆ. ಮೂವರೂ ಕುಣಿಯುತ್ತ ಬರುತ್ತಿದ್ದರು. ಗೋಲು ಹೇಗಾಯಿತು ಅಂತ ಕೇಳಿದರೆ ರಾಘು, "ಒನಕ್ಕು ಎದುಕ್ಕುಡಿ?" ಅಂತ ತಮಿಳಿನಲ್ಲಿ ಗದರುತ್ತಿದ್ದ. ನಿನಗ್ಯಾಕೆ ಅಂತೆ. ಯಾಕೆ ಅಂದರೆ ಅದು ನನ್ನ ತಂಡವೂ ಹೌದು, ಅದಕ್ಕೆ!

ಹೊಟ್ಟೆ ಉರಿಯುವ ವಿಷಯ ಇನ್ನೊಂದಿದೆ. ನಮ್ಮ ಮೆಸ್ಸಿನಲ್ಲಿ ದಿನದ ಮೊದಲ ಕೂಪನ್ ಹರಿದುಕೊಡುವವಳು ನಾನು. ನನ್ನ ಕೈಗುಣ ಒಳ್ಳೆಯದಂತೆ, ನಾನು ಹರಿದ ದಿನ ಇಡ್ಲಿ ಮಿಗುವುದಿಲ್ಲವಂತೆ. ಕೈ ಬೇಕು, ಕಾಲು ಬೇಡ. ಎರಡೂ ಒಬ್ಬಳದ್ದೇ ಅಲ್ಲವೇ?

ಸೆಮಿಫೈನಲ್ ನಮ್ಮೂರಲ್ಲೇ ಅಂತಾದಾಗ ಅಪ್ಪನನ್ನು ನೇರವಾಗಿ ಕೇಳಿದೆ. "ಆಡುವವರು ಹನ್ನೊಂದು ಜನ. ಸೋತರೆ ನಾನು ಹೇಗೆ ಕಾರಣ?"

"ನನಗೂ ಅದರಲ್ಲಿ ನಂಬಿಕೆ ಇಲ್ಲ ಮಗಾ," ಅಂದರು ಅಪ್ಪ. "ಆದ್ರೆ ಸುಮ್ಮನೆ ರಿಸ್ಕು ಎಂತಕ್ಕೆ?"

ಮ್ಯಾಚಿನ ದಿನ ಬೆಳಿಗ್ಗೆ ನಾನು ಕೂಪನ್ ಮುಟ್ಟಲಿಲ್ಲ. ಕೈ ಕಟ್ಟಿ ನಿಂತೆ. ಎದುರಿಗೆ ಲಾಡ್ಜಿನ ನಾಲ್ಕು ಜನ ಹಸಿದು ಕಾಯುತ್ತಿದ್ದರು. ಅಪ್ಪ ನನ್ನನ್ನೂ ಅವರನ್ನೂ ನೋಡಿದರು. ಒಳಗಿಂದ ಭಟ್ರು, "ಹರಿಯೇ ಮಾರಾಯ್ತಿ, ಇಡ್ಲಿ ತಣಿತದೆ!" ಅಂತ ಕೂಗಿದರು.

"ಆಯ್ತು, ಸಂಜೆ ನೀನೂ ಬಾ," ಅಂದರು ಅಪ್ಪ.

"ದೇವರಾಣೆ?"

"ದೇವರಾಣೆ."

ಹರಿದುಕೊಟ್ಟೆ. ಸ್ಕೂಲಿನಲ್ಲಿ ಒಂದಕ್ಷರ ತಲೆಗೆ ಹೋಗಲಿಲ್ಲ. ಬೆಲ್ ಹೊಡೆದದ್ದೇ ಓಡಿಬಂದು ಜರ್ಸಿ ತೊಟ್ಟು ಕೆಳಗಿಳಿದರೆ ಮೆಸ್ಸಿನಲ್ಲಿ ಅಮ್ಮ ಒಬ್ಬಳೇ ಇದ್ದಳು. ಅವರು ಆಗಲೇ ಹೋಗಿಯಾಗಿತ್ತು. "ರಶ್ಶು ಜಾಸ್ತಿ ಅಂತ ಬೇಗ ಹೊರಟ್ರು. ನಿಂಗೆ ಟಿವಿ ಹಾಕಿ ಕೊಡ್ಲಿಕ್ಕೆ ಹೇಳಿದ್ದಾರೆ," ಅಂದಳು ಅಮ್ಮ, ನನ್ನ ಮುಖ ನೋಡದೆ. ನಾನು ಬಿಕ್ಕಿ ಬಿಕ್ಕಿ ಅತ್ತೆ. ದೇವರ ಆಣೆ ಹಾಕಿದ ಅಪ್ಪ! ಬೇರೆ ಯಾರಾದರೂ ಆಗಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಟಿವಿಯಲ್ಲೇ ನೋಡಿದೆ. ನಾನಿಲ್ಲದ ಸ್ಟೇಡಿಯಮ್ಮಿನಲ್ಲಿ ನಮ್ಮವರು ಸೋತರು. ಬೇಜಾರಿನ ಜೊತೆಗೆ ಒಂದು ಸಮಾಧಾನ ಇತ್ತು, ಸುಳ್ಳೇಕೆ ಹೇಳಲಿ. ಇನ್ನಾದರೂ ನನ್ನ ಕಾಲಿನ ಮೇಲಿನ ಆರೋಪ ಹೋಯಿತು ಅಂದುಕೊಂಡೆ.

ಮರುದಿನ ಬೆಳಿಗ್ಗೆ ಚಟ್ನಿ ರುಬ್ಬುತ್ತಿದ್ದ ಭಟ್ರು ತಲೆ ಎತ್ತಿ ಕೇಳಿದರು. "ನಿನ್ನೆ ನೀನು ಟಿವಿ ನೋಡಿದ್ದಾ?"

"ಹೌದು."

"ಹಾಗಾದ್ರೆ ಅದೇ. ಮತ್ತೆ ಗೆಲ್ಲುದು ಹೇಗೆ?"

ರಾಘು ಹೌದೆಂದು ತಲೆಯಾಡಿಸಿದ. ನಾನು ಅಪ್ಪನ ಕಡೆ ತಿರುಗಿದೆ. ಟಿವಿ ಹಾಕಿಕೊಡಲು ಹೇಳಿದವರು ಅವರೇ. ಒಂದು ಮಾತು ಆಡಬಹುದಿತ್ತು. ಅವರು ಗಲ್ಲಾಪೆಟ್ಟಿಗೆಯ ಮೇಲಿನ ಧೂಳು ಒರೆಸುತ್ತ, "ಬಾ, ಕೂಪನ್ ಹರಿ," ಅಂದರು.

ನಾನು ಚೀಲ ಹೆಗಲಿಗೇರಿಸಿ ಸ್ಕೂಲಿಗೆ ನಡೆದೆ. ಆಮೇಲೆ ಯಾವತ್ತೂ ಹರಿಯಲಿಲ್ಲ. ಮೆಸ್ಸಿಗೆ ಏನೂ ಆಗಲಿಲ್ಲ, ಇಡ್ಲಿ ಎಂದಿನಂತೆ ಖರ್ಚಾಯಿತು. ಅದಕ್ಕೂ ನನಗೆ ಸಿಟ್ಟು ಬಂದಿತ್ತು.

ಈಗ ಅಣ್ಣಾ ನಗರದಲ್ಲಿ ಗೆಳತಿಯರ ಜೊತೆ ಇದ್ದೇನೆ. ಮೊನ್ನೆ ಅಪ್ಪ ತಾವಾಗಿಯೇ ಎರಡು ಟಿಕೆಟ್ ತಂದರು. ಹೋದೆವು. ಅರ್ಧ ಸೀಟು ಖಾಲಿ. ಆ ವರ್ಷ ಬದಲಿ ಆಟಗಾರರ ಹೆಸರನ್ನೂ ಬಾಯಿಪಾಠ ಹೇಳುತ್ತಿದ್ದವಳು ನಾನು, ಈಗ ಗೋಲು ಹೊಡೆದವನು ಯಾರು ಅಂತ ಅಪ್ಪನನ್ನೇ ಕೇಳಬೇಕಾಯಿತು. ಅವರು ಎದ್ದು ಕುಣಿಯುತ್ತಿದ್ದರು. ನಾನು ಕೂತಲ್ಲೇ ಎರಡು ಸಲ ಚಪ್ಪಾಳೆ ತಟ್ಟಿದೆ.

ಹೊರಗೆ ಬರುವಾಗ ತಡೆಯಲಾಗಲಿಲ್ಲ. "ಅಪ್ಪಾ, ಅವತ್ತು ಸೆಮಿಫೈನಲ್ಲಿಗೆ ಆಣೆ ಹಾಕಿ ನನ್ನ ಬಿಟ್ಟು ಯಾಕೆ ಹೋದ್ರಿ?"

ಅಪ್ಪ ಪ್ರಾಮಾಣಿಕವಾಗಿ ಯೋಚಿಸಿದರು.

"ಯಾವತ್ತು ಮಗಾ?" ಅಂದರು.