ಬಾಗಿಲಿನ ಕೆಳಗಿನ ಅಂಚು

ನಮ್ಮವರು ಊರಿಗೆಲ್ಲ ಗೊತ್ತಿದ್ದದ್ದು ಕನ್ನಡಿ ಪೇಂಟರ್ ಎಂದೇ. ಅಂಗಿ ಜೇಬಿನಲ್ಲಿ ಸದಾ ಅಂಗೈಯಗಲದ ಒಂದು ಕನ್ನಡಿ. ಮುಖ ನೋಡಿಕೊಳ್ಳಲಿಕ್ಕಲ್ಲ, ಆ ಮುಖವನ್ನು ದಿನಾ ನೋಡುವ ಕರ್ಮ ನನ್ನದು. ಬಣ್ಣ ಬಳಿದ ಬಾಗಿಲನ್ನು ಕೂರಿಸಿದ ಮೇಲೆ ನೆಲಕ್ಕೆ ಮೊಣಕಾಲೂರಿ, ಕನ್ನಡಿಯನ್ನು ಬಾಗಿಲ ಕೆಳಗೆ ತೂರಿಸಿ, ಅದರ ಕೆಳಗಿನ ಅಂಚನ್ನು ನೋಡುವರು. ಯಾರ ಕಣ್ಣಿಗೂ ಬೀಳದ ಜಾಗ ಅದು. ಬೇರೆ ಪೇಂಟರುಗಳು ಅದರ ತಂಟೆಗೇ ಹೋಗುವುದಿಲ್ಲ. ಇವರು ಮಾತ್ರ ಬಾಗಿಲನ್ನು ಕೀಲಿನಿಂದ ಬಿಚ್ಚಿ, ತಲೆಕೆಳಗು ಮಾಡಿ, ಅಲ್ಲಿಗೂ ಎರಡು ಕೋಟು ಬಳಿಯದೆ ಬಿಟ್ಟವರಲ್ಲ.

“ಮರ ನೀರು ಕುಡಿಯೋದೇ ಬುಡದಿಂದ ಕಣೇ. ಮುಂದೆ ಎಷ್ಟು ಮಿರಮಿರ ಅಂತಿದ್ರೂ ಅಷ್ಟೆ. ಬುಡ ಬರೀ ಮೈಯಲ್ಲಿದ್ರೆ ಮಳೆ ಬಂದಾಗೆಲ್ಲ ಸದ್ದಿಲ್ಲದೆ ಕುಡೀತಾ ಇರುತ್ತೆ” ಎನ್ನುತ್ತಿದ್ದರು. ಮದುವೆಯಾದ ವಾರದಲ್ಲೇ ನನಗೆ ಈ ಪಾಠ ಆಗಿತ್ತು. ಬೇರೆಯವರ ಗಂಡಂದಿರು ಆಗ ಏನು ಮಾತಾಡುತ್ತಿದ್ದರೋ ನನಗೆ ತಿಳಿಯದು.

ಹನ್ನೊಂದು ವರ್ಷದ ಹಿಂದೆ ಮೇಷ್ಟ್ರೊಬ್ಬರ ಮನೆಯ ಗ್ಯಾರೇಜಿನ ಮರದ ಬಾಗಿಲು ಇವರ ಕೈಗೆ ಬಂತು. ಜೊತೆಗೆ ಕೆಲಸ ಮಾಡುತ್ತಿದ್ದವನು ಇವರ ತಮ್ಮ, ನನ್ನ ಮೈದುನ. ಹಳೇ ಬಣ್ಣ ಹೆರೆದು, ಬಿರುಕು ತುಂಬಿ, ಮುಂದೆ ಹಿಂದೆ ಕೋಟುಗಳೆಲ್ಲ ಮುಗಿದಿದ್ದವು. ಕೆಳಗಿನ ಅಂಚು ಒಂದೇ ಬಾಕಿ. ಅವತ್ತೇ ನನಗೆ ಹೊಟ್ಟೆನೋವು ತಡೆಯಲಾರದಷ್ಟಾಗಿ ಆಸ್ಪತ್ರೆಗೆ ಸೇರಿಸಿದರು.

“ಅಂಚಿಗೆ ಎರಡು ಕೋಟು ಬಳಿದೇ ಬಾಗಿಲು ಎತ್ತು” ಎಂದು ತಮ್ಮನಿಗೆ ಹೇಳಿ ಇವರು ಓಡಿ ಬಂದರು.

“ಆಯ್ತು ಹೋಗಣ್ಣ. ಅತ್ತಿಗೇನ ನೋಡ್ಕೋ” ಎಂದನಂತೆ ಆ ಪುಣ್ಯಾತ್ಮ.

ಎರಡು ಮಳೆಗಾಲ ಕಳೆಯಿತು. ಮೇಷ್ಟ್ರ ಬಾಗಿಲು ಉಬ್ಬಿ ಕಚ್ಚಿಕೊಂಡಿತು, ಬಣ್ಣ ಹಪ್ಪಳಿಕೆ ಎದ್ದಿತು, ಕೆಳಗಿನ ಹಲಗೆ ಬೆರಳಿಟ್ಟರೆ ಪುಡಿಯಾಯಿತು. ಅಣ್ಣತಮ್ಮ ಇಬ್ಬರನ್ನೂ ಕರೆಸಿದರು. ಬೀದಿಯವರೆಲ್ಲ ನೋಡುತ್ತಿರುವಾಗ ಇವರು ಬಗ್ಗಿ ಕನ್ನಡಿ ತೂರಿಸಿದರೆ ಬರೀ ಮರ, ಒಂದು ತೊಟ್ಟು ಬಣ್ಣವಿಲ್ಲ. ಎದ್ದು ತಮ್ಮನ ಮುಖ ನೋಡಿದರು. ಅವನು ಚಪ್ಪಲಿಯಲ್ಲಿ ನೆಲ ಕೆರೆಯುತ್ತ ನಿಂತಿದ್ದ.

“ನನ್ನ ಕೈತಪ್ಪು ಮೇಷ್ಟ್ರೇ” ಎಂದರು ಇವರು.

“ಹಾಗಾದ್ರೆ ಈ ಕನ್ನಡಿ ಹಿಡ್ಕೊಂಡು ಓಡಾಡೋದೆಲ್ಲ ನಾಟಕ ಅನ್ನಿ” ಎಂದರು ಮೇಷ್ಟ್ರು. ಆ ಮಾತು ಇವರಿಗಿಂತ ಮೊದಲು ನಮ್ಮ ಬೀದಿ ತಲುಪಿತ್ತು. ಕರೆಯುವ ಮನೆಗಳು ಒಂದೊಂದಾಗಿ ಕೈಬಿಟ್ಟವು. ಮೈದುನ ಬೇರೆಯಾಗಿ, ಅದೇ ಮನೆಗಳನ್ನು ಹಿಡಿದು, ನಾಲ್ಕು ಜನರನ್ನಿಟ್ಟುಕೊಂಡು ಮೇಲೆ ಬಂದ. ನನ್ನ ಹೊಟ್ಟೆಯ ಆಪರೇಷನ್ನಿನ ಗಾಯ ಮಾಯಿತು, ಇದು ಮಾಯಲಿಲ್ಲ. ನಿಜ ಹೇಳಿ, ಒಂದು ಸಲವಾದರೂ ಬಾಯಿ ಬಿಡಿ ಎಂದು ಒಂಬತ್ತು ವರ್ಷ ಇವರ ತಲೆ ತಿಂದೆ. ಇವರು ಬ್ರಷ್ಷು ತೊಳೆಯುತ್ತ ಕೂರುವರು.

ಹೋದ ವರ್ಷ ಮೈದುನ ಮನೆ ಕಟ್ಟಿದ. ಗ್ಯಾರೇಜಿಗೆ ಭಾರಿ ಮರದ ಬಾಗಿಲು. ಅವನ ಕಡೆಯವರು ಬಳಿದ ಬಣ್ಣ ವರ್ಷ ತುಂಬುವ ಮೊದಲೇ ಸುಲಿದು ಬಂತು. ನಾಚಿಕೆಯಿಲ್ಲದೆ ನಮ್ಮನೆಗೇ ಬಂದು ಕೂತ.

“ಇದು ನಿನ್ನ ಕೈಯಲ್ಲೇ ಆಗಬೇಕಣ್ಣ. ನಮ್ಮವರಿಗೆ ನಿನ್ನ ಥರ ಕೆಲಸ ಬರಲ್ಲ.”

“ನಾಳೆ ಬರ್ತೀನಿ” ಎಂದುಬಿಟ್ಟರು ಇವರು. ನಾನು ಒಳಗೆ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡೆ. ಅವನು ಆಚೆ ಹೋದ ಕೂಡಲೇ ಹೊರಗೆ ಬಂದು ಹೇಳಿದೆ:

“ಹೋಗಿ, ಬೇಡ ಅನ್ನಲ್ಲ. ಆದ್ರೆ ಅವನು ಮಾಡಿದ್ದನ್ನೇ ಅವನಿಗೆ ಮಾಡಿ ಬನ್ನಿ. ಅಷ್ಟೂ ಆಗದಿದ್ರೆ ನಿಮಗೆ ಮಾನ ಅನ್ನೋದೇ ಇಲ್ಲ ಅಂತ ತಿಳ್ಕೋತೀನಿ.”

“ಬಾಗಿಲು ಏನು ತಪ್ಪು ಮಾಡಿದೆ ಕಣೇ?” ಎಂದರು.

ಮೂರು ವಾರ ಹೋದರು. ಹಳೆಯದನ್ನು ಬಿಸಿಮಾಡಿ ಹೆರೆದು, ಉಪ್ಪುಕಾಗದದಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಮತ್ತೆ ಉಜ್ಜಿ, ಮೂರು ಕೋಟು ದಟ್ಟ ಹಸಿರು. ಸಂಜೆ ಉಗುರಿನಲ್ಲಿ ಹಸಿರು ಮೆತ್ತಿಕೊಂಡು, ಏನೋ ಗುನುಗಿಕೊಂಡು ಮನೆಗೆ ಬರುವರು. ತಮ್ಮನ ಮನೆಯ ಚಾಕರಿಗೆ ಈ ಸಂಭ್ರಮ ಬೇರೆ ಎಂದು ನನ್ನ ಮೈ ಉರಿಯುತ್ತಿತ್ತು.

ಕೊನೆಯ ದಿನ ನಾನೂ ಹೋದೆ. ಬಾಗಿಲು ಮರದ ಅಡ್ಡೆಗಳ ಮೇಲೆ ಮಲಗಿತ್ತು. ಅಂಚು ಮಾತ್ರ ಬಾಕಿ. ಇವರು ಅದರ ಧೂಳು ಒರೆಸುತ್ತಿದ್ದರು. ಮೈದುನ ಅಕ್ಕಪಕ್ಕದ ಮನೆಯವರನ್ನು ಕರೆತಂದು ತೋರಿಸುತ್ತಿದ್ದ.

“ನಮ್ಮಣ್ಣನ ಕೈ ಅಂದ್ರೆ ಕೈ! ಹಿಂದೆ ಒಬ್ಬ ಮೇಷ್ಟ್ರ ಮನೇಲಿ ಅಂಚು ಬಳಿಯೋದು ಮರೆತು ಹೆಸರು ಕೆಡಿಸ್ಕೊಂಡ, ಪಾಪ. ಆದ್ರೂ ನಾನು ಕೈಬಿಡಲಿಲ್ಲ ನೋಡಿ.”

ಇವರ ಕೈಯಲ್ಲಿದ್ದ ಬಟ್ಟೆ ನಿಂತಿತು. ಈಗಲಾದರೂ ಬಾಯಿ ಬಿಡುತ್ತಾರೆ ಎಂದು ನಾನು ಕಾದೆ. ಇವರು ಬಟ್ಟೆ ಮಡಚಿಟ್ಟು, ಕೆಲಸದವರತ್ತ ತಿರುಗಿ, “ಎತ್ತಿ, ಕೂರಿಸಿ” ಎಂದರು. ಬಾಗಿಲು ಕೂತಿತು. ಇವರು ಮೊಣಕಾಲೂರಲಿಲ್ಲ. ಜೇಬಿಗೆ ಕೈ ಹೋಗಲಿಲ್ಲ.

ದಾರಿಯಲ್ಲಿ ಕೇಳಿದರೆ ಹೆಜ್ಜೆ ಬೀಸಾಗಿ ಹಾಕಿದರು. ಮರುದಿನ ಬೆಳಿಗ್ಗೆ ಗೂಟದಲ್ಲಿದ್ದ ಅಂಗಿಯಿಂದ ಕನ್ನಡಿ ತೆಗೆದುಕೊಂಡು, ಓಲೆಯ ತಿರುಪು ಬಿದ್ದುಹೋಗಿದೆ ಎಂಬ ನೆಪ ಹೇಳಿ ಅಲ್ಲಿಗೆ ಹೋದೆ. ಬಗ್ಗಿ ತೂರಿಸಿ ನೋಡಿದೆ. ಈ ತುದಿಯಿಂದ ಆ ತುದಿಗೆ ಬರೀ ಮರ. ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ಬೀದಿ ತಿರುವಿನವರೆಗೂ ನಗುತ್ತಲೇ ಬಂದೆ.

ಮನೆಯಲ್ಲಿ ಇವರು ಬ್ರಷ್ಷುಗಳನ್ನೆಲ್ಲ ತೊಳೆದು, ಒರೆಸಿ, ಹಳೇ ಪೇಪರಿನಲ್ಲಿ ಸುತ್ತಿ ಅಟ್ಟಕ್ಕೆ ಏರಿಸುತ್ತಿದ್ದರು. ನಾಲ್ಕು ದಿನಕ್ಕೆ ಇಳಿಸುತ್ತಾರೆ ಎಂದುಕೊಂಡೆ. ಇಳಿಸಲಿಲ್ಲ. ಇಬ್ಬರು ಕೆಲಸಕ್ಕೆ ಕರೆದರು, ಹೋಗಲಿಲ್ಲ.

“ನಾನೇ ಹೋಗಿ ಹೇಳ್ತೀನಿ. ಬಿಚ್ಚಿ ಬಳಿದರಾಯ್ತು, ಇನ್ನೂ ಮಳೆ ಬಂದಿಲ್ಲ” ಎಂದೆ.

“ಬೇಡ. ಅಂಚು ಮುಚ್ಚಬಹುದು. ಗೊತ್ತಿದ್ದೂ ಬಿಟ್ಟು ಬಂದೆನಲ್ಲ, ಅದಕ್ಕೆ ಎಷ್ಟು ಕೋಟು ಬಳೀಲಿ?”

ಅದನ್ನು ಮಾಡಿಸಿದವಳು ನಾನು ಎಂದು ಒಮ್ಮೆಯೂ ಅನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ತಮ್ಮನ ಮೇಲೂ ಹೊರಿಸದ ಮನುಷ್ಯ ನನ್ನ ಮೇಲೆ ಹೊರಿಸಿಯಾರೇ?

ನಿನ್ನೆ ಮಧ್ಯಾಹ್ನ ಈ ವರ್ಷದ ಮೊದಲ ಮಳೆ. ಒಣಹಾಕಿದ ಬಟ್ಟೆ ಬಾಚಿಕೊಂಡು ಒಳಗೆ ಬಂದರೆ ಇವರು ಅರ್ಧ ಊಟದ ತಟ್ಟೆ ಸರಿಸಿ ಕಿಟಕಿಯ ಹತ್ತಿರ ನಿಂತಿದ್ದರು. ಊಟ ಮುಗಿಸಿ ಬನ್ನಿ ಎಂದೆ. ಇವರು ತಿರುಗಲಿಲ್ಲ.

“ಈಗ ಕುಡೀತಾ ಇರುತ್ತೆ ಕಣೇ” ಎಂದರು.