ಮಗನ ಸೂಪರ್‌ನಲ್ಲಿ ಕೂತ ಚಿನ್ನ

ನನಗೆ ಮೊಮ್ಮಗಳು ಹುಟ್ಟಿದಳು! ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಹಾಲಂಗಡಿಯ ಹುಡುಗಿಗೂ ಕನ್ನಡದಲ್ಲೇ ಹೇಳಿಬಿಟ್ಟೆ. ಅವಳೂ ನಕ್ಕಳು.

ಮಗ ಸಿಡ್ನಿಯಲ್ಲಿದ್ದಾಗ ನನ್ನ ಕಡಗ ಮಾರಿದ ದುಡ್ಡು ಅವನಿಗೆ ಕೊಟ್ಟು, "ಮುಂದೆ ನಿನ್ನ ಮಗುವಿಗೆ ಅಂತ ಚಿನ್ನ ತೆಗೆದಿಡು" ಅಂದಿದ್ದೆ. ಅವನು ತೆಗೆದಿಟ್ಟ, ಆದರೆ ತನ್ನ ಸೂಪರ್ ಹೆಸರಲ್ಲಿ. ಸೂಪರ್ ಅಂದರೆ ಇಲ್ಲಿಯವರು ಮುಪ್ಪಿಗೆ ಅಂತ ಕೂಡಿಡುವ ದುಡ್ಡು. ತೆರಿಗೆ ಉಳಿಯುತ್ತದೆ ಅನ್ನುವುದೊಂದೇ ಅವನಿಗೆ ಗೊತ್ತಿದ್ದದ್ದು.

ನಾಮಕರಣ ಹತ್ತಿರ ಬಂತು. "ಆ ಚಿನ್ನ ತರಿಸೋ, ಪುಟ್ಟಿಗೆ ಬಳೆ ಮಾಡಿಸೋಣ" ಅಂದೆ. ಸಿಡ್ನಿಯ ಅಕೌಂಟೆಂಟಿಗೆ ಫೋನ್ ಮಾಡಿ ಬಂದವನ ಮುಖ ಬಾಡಿತ್ತು.

"ಅಮ್ಮಾ, ನಾನು ರಿಟೈರ್ ಆಗೋವರೆಗೂ ಅದನ್ನ ಮುಟ್ಟೋ ಹಾಗಿಲ್ವಂತೆ."

"ನಿಂದೇ ಚಿನ್ನ ಕಣೋ!"

"ನಂದೇ. ಆದ್ರೂ ಬಳೆ ಮಾಡಿಸಿ ಮಗುಗೆ ಹಾಕಿದ್ರೆ ದಂಡ ಹಾಕ್ತಾರೆ."

ಬಾಣಂತಿ ಸೊಸೆ ಮಂಚದಿಂದಲೇ ನಕ್ಕಳು. "ಬಿಡಿ ಅತ್ತೇ, ಅಷ್ಟೊತ್ತಿಗೆ ಇವಳಿಗೇ ಮಕ್ಕಳಾಗಿರ್ತಾರೆ, ಅವರಿಗೆ ಹಾಕಿ."

ನನಗೆ ನಗು ಬರಲಿಲ್ಲ. ಮೂರನೇ ಕ್ಲಾಸು ಓದಿದವಳು ಈ ದೇಶದ ಕಾನೂನಿನ ಹತ್ತಿರ ಏನಂತ ಜಗಳ ಆಡಲಿ? ಬೇರೆ ಚಿನ್ನದ ಬಳೆ ಕೊಳ್ಳಲು ಮಗನ ಮನೆಸಾಲದ ಕಂತು ಬಿಡಲಿಲ್ಲ.

ನಾಮಕರಣದ ದಿನ ಆ ಪುಟ್ಟ ಕೈಗೆ ಅರಿಶಿನದ ದಾರ ಕಟ್ಟಿದೆ. ಕಟ್ಟುವಾಗ ಕಣ್ಣು ತುಂಬಿತು, ಸಂತೋಷಕ್ಕೋ ಸಂಕಟಕ್ಕೋ ನನಗೇ ತಿಳಿಯಲಿಲ್ಲ.

ಸಂಜೆ ಎಲ್ಲರೂ ನೆಲದ ಮೇಲೆ ಸಾಲಾಗಿ ಊಟಕ್ಕೆ ಕೂತೆವು. "ಬೇಜಾರಾ ಅಮ್ಮ?" ಅಂದ ಮಗ. ಮಗು ನನ್ನ ತೊಡೆಯ ಮೇಲೆ ಮಲಗಿತ್ತು. "ಹೂಂ, ಬೇಜಾರೇ. ಇನ್ನೊಂದು ಹೋಳಿಗೆ ಹಾಕು" ಅಂದೆ.